ಸೌತ್ ಬಿಯಲ್ಲಿ ದ್ರಾಕ್ಷಿ ಪರೀಕ್ಷೆ

ನಮ್ಮ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ. ಅದೇ ಕಾರಣಕ್ಕೆ ನಮ್ಮ ಮನೆಯೇ ಆಗಬೇಕೆಂದು ಹಟ ಹಿಡಿದು, ಪರಸ್ಪರ ಬೀಗರಾಗಲಿದ್ದ ಇಬ್ಬರು ಒಂದು ಭಾನುವಾರ ನನ್ನ ಊಟದ ಮೇಜಿನ ಮೇಲೆ ನಾಲ್ಕು ಬಾಟಲಿ ವೈನ್ ತಂದಿಟ್ಟರು. ಜಾಗ ಸಾಲದೆ ನನ್ನ ಉಪ್ಪಿನಕಾಯಿ ಜಾಡಿ ಫ್ರಿಜ್ಜಿನ ತಲೆಯ ಮೇಲೆ ಹೋಗಿ ಕೂತಿತು. ಬೆಳಿಗ್ಗೆಯಿಂದಲೇ ನನಗೆ ಸಿಟ್ಟು ಬಂದಿತ್ತೆಂದು ಮೊದಲೇ ಹೇಳಿಬಿಡುತ್ತೇನೆ.

ವಿಷಯ ಇಷ್ಟೇ. ನನ್ನ ಗಂಡ ಪ್ರಕಾಶನನ್ನು ಅವನ ಟೆಲಿಕಾಂ ಕಂಪನಿ ಬೆಂಗಳೂರಿನಿಂದ ನೈರೋಬಿಗೆ ಕಳಿಸಿ ಎರಡು ವರ್ಷವಾಗಿತ್ತು. ಅಲ್ಲಿನ ಸೌತ್ ಬಿ ಬಡಾವಣೆಯಲ್ಲಿ ನಮ್ಮದು ಮೇಲಿನ ಮನೆ, ಕೆಳಗಿನದು ರುಡಾಲ್ಫ್ ಲೋಬೊ ಅವರದು. ಕಾರ್ಕಳದ ಕಡೆಯವರು, ನೈರೋಬಿಗೆ ಬಂದು ಮೂವತ್ತು ವರ್ಷ, ಇಂಡಸ್ಟ್ರಿಯಲ್ ಏರಿಯಾದಲ್ಲಿ ಲಾರಿ ಬಿಡಿಭಾಗಗಳ ಅಂಗಡಿ. ಅವರ ಒಬ್ಬಳೇ ಮಗಳು ಶರಲ್‌ಗೂ ಸಿರಿವಂತರ ಬಡಾವಣೆ ಕರೆನ್‌ನ ಮರ್ವಿನ್ ಅವರ ಮಗ ಎಲ್ರೊಯ್‌ಗೂ ಮದುವೆ ನಿಶ್ಚಯವಾಗಿತ್ತು. ಎರಡು ಮನೆಯದೂ ಕೊಂಕಣಿ, ಇಗರ್ಜಿಯೂ ಒಂದೇ. ಆದರೆ ಮರ್ವಿನ್ ಇನ್ಶೂರೆನ್ಸ್ ವ್ಯವಹಾರದ ದೊಡ್ಡ ಕುಳ. ಗೇಟಿನಿಂದ ಬಾಗಿಲಿಗೆ ನಡೆದರೆ ಬೆವರು ಬರುವಂಥ ಕಾಂಪೌಂಡು, ಮೆಟ್ಟಿಲ ಕೆಳಗೆ ಬೀಗ ಹಾಕಿದ ವೈನ್ ಕಪಾಟು.

ಜಗಳ ಹುಟ್ಟಿದ್ದು ಟೋಸ್ಟಿನ ವಿಷಯಕ್ಕೆ. ಟೋಸ್ಟ್ ಎಂದರೆ ಬ್ರೆಡ್ಡಲ್ಲ. ಮದುವೆಯ ಪಾರ್ಟಿಯಲ್ಲಿ ಎಲ್ಲರೂ ಎದ್ದು ನಿಂತು, ಲೋಟ ಎತ್ತಿ, ಮದುಮಕ್ಕಳಿಗೆ ಒಳ್ಳೆಯದಾಗಲಿ ಎಂದು ಕುಡಿಯುವುದು. ಆ ಲೋಟದಲ್ಲಿ ತಾವು ಮಾಡಿದ ಬಿಳಿ ವೈನೇ ಇರಬೇಕೆಂದು ರುಡಾಲ್ಫ್ ಅಂಕಲ್ ಆಸೆ. ನ್ಗಾರಾದ ಸಗಟು ಅಂಗಡಿಯಿಂದ ಹಸಿರು ದ್ರಾಕ್ಷಿ ಪೆಟ್ಟಿಗೆಗಟ್ಟಲೆ ತಂದು, ಸಕ್ಕರೆ, ಗೋಧಿ, ಈಸ್ಟ್ ಹಾಕಿ, ಅವರ ತಾಯಿ ಕ್ರಿಸ್ಮಸ್ಸಿಗೆ ಮಾಡುತ್ತಿದ್ದ ಹಾಗೆಯೇ ಜಾಡಿಗಳಲ್ಲಿ ಬಾಯಿ ಕಟ್ಟಿ ಇಟ್ಟಿದ್ದರು. ಮರ್ವಿನ್ ಇದನ್ನು ಕೇಳಿ, "ಹೋಮ್‌ಮೇಡಾ? ನನ್ನ ಗೆಸ್ಟ್‌ಗಳ ಹೊಟ್ಟೆ ಕೆಟ್ಟರೆ ಇನ್ಶೂರೆನ್ಸ್ ನಾನೇ ಕೊಡಬೇಕಾ?" ಎಂದು ನಕ್ಕರಂತೆ. ಟೋಸ್ಟಿಗೆ ದಕ್ಷಿಣ ಆಫ್ರಿಕಾದ ಶಾರ್ಡನೇ ಎಂಬ ಬಿಳಿ ವೈನ್ ಎಂದು ತಾವೇ ತೀರ್ಮಾನ ಕೊಟ್ಟರಂತೆ. ಅಂದಿನಿಂದ ಬೀಗರಿಬ್ಬರಿಗೂ ಮಾತಿಲ್ಲ, ಮದುವೆ ಕಾರ್ಡು ಅಚ್ಚಿಗೆ ಹೋಗಿಲ್ಲ.

"ಹಾಲ್ ಅವರದ್ದು, ಬ್ಯಾಂಡ್ ಅವರದ್ದು, ಕೇಕ್ ಕೂಡ ಅವರದ್ದೇ," ಎಂದು ರುಡಾಲ್ಫ್ ಅಂಕಲ್ ನಮ್ಮ ಸೋಫಾದಲ್ಲಿ ಕೂತು ಬೆರಳು ಮಡಚಿದ್ದರು. "ನನಗೆ ಇರುವುದು ಒಂದೇ ಮಗಳು ಮಾರಾಯ್ತಿ. ಆ ಮೇಜಿನ ಮೇಲೆ ನನ್ನದು ಅಂತ ಒಂದಾದರೂ ಬೇಡವಾ? ಒಂದು ಗ್ಲಾಸ್?" ಅವರ ಕಣ್ಣು ತುಂಬಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ಆ ವೈನ್ ಹೇಗಿತ್ತೋ ನನಗೆ ಗೊತ್ತಿಲ್ಲ. ಆದರೆ ಆ ಆಸೆ ನ್ಯಾಯವಾದದ್ದೇ.

ಪರೀಕ್ಷೆಯ ಉಪಾಯ ಶರಲ್‌ದು. ಮರ್ವಿನ್ ತಾನು ಕಣ್ಣು ಮುಚ್ಚಿ ಕುಡಿದು ದ್ರಾಕ್ಷಿಯ ಜಾತಿ ಹೇಳಬಲ್ಲೆ ಎಂದು ಹತ್ತು ಜನರೆದುರು ಜಂಬ ಕೊಚ್ಚಿದ್ದರು. "ನಾಲ್ಕೂ ಒಂದೇ ಹುಳಿ ನೀರು, ಹೇಳಲಿ ನೋಡುವ," ಎಂದು ರುಡಾಲ್ಫ್ ಅಂಕಲ್ ಕೆಣಕಿದ್ದರು. ಸರಿ, ನಾಲ್ಕು ದ್ರಾಕ್ಷಿಯ ನಾಲ್ಕು ವೈನ್, ಇಬ್ಬರೂ ಕುಡಿದು ಹೆಸರು ಹೇಳುವುದು. ಹೆಚ್ಚು ಸರಿ ಹೇಳಿದವರ ವೈನ್ ಟೋಸ್ಟಿಗೆ. ಇವರು ಕರೆನ್‌ಗೆ ಹೋಗುವುದಿಲ್ಲ, ಅವರು ಲೋಬೊ ಮನೆಗೆ ಬರುವುದಿಲ್ಲ. ಆದ್ದರಿಂದ ಕುಡಿಯದವರ ಮನೆ, ಕುಡಿಯದ ಅಂಪೈರು.

"ಐ ಡೋಂಟ್ ಕೇರ್ ಹೂ ವಿನ್ಸ್, ಲೀಲಾ ಆಂಟಿ," ಎಂದು ಶರಲ್ ನನ್ನ ಕೈ ಹಿಡಿದುಕೊಂಡಳು. "ಸಮ್‌ಬಡಿ ಪ್ಲೀಸ್ ವಿನ್."

ತೊಡಕಿದ್ದದ್ದು ನನ್ನ ಅತ್ತೆಯದು. ಮೈಸೂರಿನಿಂದ ಮೂರು ತಿಂಗಳಿಗೆಂದು ಬಂದಿದ್ದರು. ಈರುಳ್ಳಿ ಹೆಚ್ಚಿದ ಚಾಕುವನ್ನೂ ಬೇರೆ ಇಡುವವರು. ಅವರೆದುರು ವೈನ್ ಎಂಬ ಶಬ್ದ ಆಡುವ ಧೈರ್ಯ ಪ್ರಕಾಶನಿಗೆ ಇರಲಿಲ್ಲ. "ಅಮ್ಮಾ, ಮದುವೆಗೆ ಅಂತ ದ್ರಾಕ್ಷಿ ಶರಬತ್ತು ಸೆಲೆಕ್ಟ್ ಮಾಡ್ತಿದಾರೆ," ಎಂದುಬಿಟ್ಟ. ಅತ್ತೆ, "ಒಳ್ಳೇದಪ್ಪಾ," ಎಂದು ಅಡುಗೆಮನೆಗೆ ಹೋದರು.

ಮರ್ವಿನ್ ಬಂದರು. ಗೇಟಿನ ಕಾವಲುಗಾರ ಅವರ ದೊಡ್ಡ ಕಾರು ನೋಡಿ ಸೆಲ್ಯೂಟ್ ಹೊಡೆದ. ಡ್ರೈವರ್ ಬಾಟಲಿಗಳನ್ನೂ, ಕಾಗದದಲ್ಲಿ ಸುತ್ತಿದ ಉದ್ದ ಕಾಲಿನ ಲೋಟಗಳನ್ನೂ ಮೇಲೆ ತಂದಿಟ್ಟು ಹೋದ. ರುಡಾಲ್ಫ್ ಅಂಕಲ್ ಬರಿಗೈಯಲ್ಲಿ ಬರಬಾರದೆಂದು ತಮ್ಮ ವೈನನ್ನು ಹಳೆಯ ಸ್ಕ್ವಾಷ್ ಬಾಟಲಿಗಳಲ್ಲಿ ತುಂಬಿ ತಂದಿದ್ದರು, ದೊಡ್ಡವು, ಎರಡು. "ಇದು ನಿಮಗೆ, ಲೀಲಾ," ಎಂದರು. ನಾನು ಅದನ್ನು ಒಳಗಿಟ್ಟೆ. ಕುಡಿಯದವಳಿಗೆ ವೈನ್ ಉಡುಗೊರೆ, ಏನು ಹೇಳುವುದು.

ಮೊದಲು ಪಾಠ, ಆಮೇಲೆ ಪರೀಕ್ಷೆ ಎಂದರು ಮರ್ವಿನ್. ರುಡಾಲ್ಫ್ ಅಂಕಲ್‌ಗೆ ಅನ್ಯಾಯವಾಗಬಾರದಂತೆ.

"ಮಿಸೆಸ್ ಪ್ರಕಾಶ್, ಉಗುಳಲಿಕ್ಕೆ ಒಂದು ಪಾತ್ರೆ ಕೊಡಿ."

"ಏನು?"

"ಟೇಸ್ಟ್ ಮಾಡುವವರು ನುಂಗುವುದಿಲ್ಲ. ಬಾಯಿಯಲ್ಲಿ ತಿರುಗಿಸಿ ಉಗುಳುವುದು."

ನನ್ನ ಮನೆಯ ಊಟದ ಮೇಜಿನ ಪಕ್ಕದಲ್ಲಿ ಉಗುಳುವುದು! ಬಚ್ಚಲಿನ ನೀಲಿ ಬಕೆಟ್ ತಂದು ಕುಕ್ಕಿದೆ. ಒಬ್ಬರ ಎಂಜಲು ಲೋಟ ಇನ್ನೊಬ್ಬರು ಮುಟ್ಟಕೂಡದೆಂದೂ ಹೇಳಿದೆ. ಮರ್ವಿನ್ ಅದನ್ನು ನನ್ನ ವೈನ್ ಜ್ಞಾನವೆಂದುಕೊಂಡು ಮೆಚ್ಚಿ ತಲೆದೂಗಿದರು.

ಮೊದಲ ಬಾಟಲಿ ಸೊವಿನ್ಯೋನ್ ಬ್ಲಾಂ ಎಂಬ ದ್ರಾಕ್ಷಿಯದು. ಮರ್ವಿನ್ ಲೋಟ ತಿರುಗಿಸಿ, ಮೂಗನ್ನು ಪೂರ್ತಿ ಒಳಗಿಳಿಸಿ, "ಕೊಯ್ದ ಹುಲ್ಲು. ಗೂಸ್‌ಬೆರಿ. ಚುರುಕು ಸ್ವಭಾವ," ಎಂದರು.

"ಹುಲ್ಲು ದನ ತಿನ್ನುವುದಲ್ಲವಾ ಮಾರಾಯ್ರೇ?" ಎಂದರು ರುಡಾಲ್ಫ್ ಅಂಕಲ್.

ನನಗೂ ಕುತೂಹಲ. ಮೂಸಿದರೆ ಏನು ಹೋಗುತ್ತದೆ ಎಂದು ಬಗ್ಗಿ ಮೂಸಿದೆ. ನಿಜ, ಬೆಟ್ಟದ ನೆಲ್ಲಿಕಾಯಿ ಜಜ್ಜಿ ಪಕ್ಕದಲ್ಲಿ ಹಸಿಮೆಣಸು ಮುರಿದ ಹಾಗಿತ್ತು. ಪ್ರಕಾಶ ನನ್ನನ್ನು ಕೆಕ್ಕರಿಸಿ ನೋಡಿ, "ಆಘ್ರಾಣೇನ ಅರ್ಧ ಭೋಜನಂ ಅಂತಾರೆ. ಎರಡು ಮೂಸಿದ್ರೆ ಒಂದು ಕುಡಿದ ಲೆಕ್ಕ, ಹುಷಾರು," ಎಂದ. ಹೇಳಿದವನೇ ತಾನೂ ಮೂಸಿದ.

ಎರಡನೆಯದು ಶಾರ್ಡನೇ. ಇದನ್ನು ಮರದ ಪೀಪಾಯಿಯಲ್ಲಿ ಇಟ್ಟಿರುತ್ತಾರಂತೆ. ಬೆಣ್ಣೆ ಕಾಯಿಸುವಾಗ ಮರದ ಸೌಟು ಒಂದಿಷ್ಟು ಹೊತ್ತಿದರೆ ಬರುವ ವಾಸನೆ. "ರಾಣಿ," ಎಂದು ಮರ್ವಿನ್ ಕಣ್ಣು ಮುಚ್ಚಿದರು. ಮೂರನೆಯದು ಜರ್ಮನಿಯ ರೀಸ್ಲಿಂಗ್, ಹಳೆಯ ಬಾಟಲಿ. ಅದಕ್ಕೆ ಮೂಗು ಒಡ್ಡಿದ್ದೇ ನಾನು ಹಿಂದಕ್ಕೆ ಜಿಗಿದೆ. ಸಾಕ್ಷಾತ್ ಸೀಮೆಎಣ್ಣೆ! "ಇದು ನನ್ನ ಅಂಗಡಿಯ ವಾಸನೆ," ಎಂದು ರುಡಾಲ್ಫ್ ಅಂಕಲ್ ನಕ್ಕರು. ಒಳ್ಳೆಯ ಹಳೆಯ ರೀಸ್ಲಿಂಗ್‌ಗೆ ಅದೇ ಭೂಷಣವೆಂದು ಮರ್ವಿನ್ ಗದರಿದರು. ಕೊನೆಯದು ಶೆನಿನ್ ಬ್ಲಾಂ. ಸೇಬು, ಮೇಲೆ ಒಂದು ಹನಿ ಜೇನು. ನನಗೆ ಅದೇ ಎಲ್ಲಕ್ಕಿಂತ ಸಭ್ಯವಾಗಿ ಕಂಡಿತು. ಆದರೆ ದಕ್ಷಿಣ ಆಫ್ರಿಕಾದಲ್ಲಿ ಎಲ್ಲಿ ನೋಡಿದರೂ ಅದನ್ನೇ ಬೆಳೆಯುತ್ತಾರೆಂದು ಮರ್ವಿನ್‌ಗೆ ಅದರ ಮೇಲೆ ಗೌರವ ಕಡಿಮೆ. ತಮ್ಮ ಸೊಸೆಯಾಗುವವಳ ಅಪ್ಪನನ್ನು ನೋಡುವ ಹಾಗೆಯೇ ಅದನ್ನೂ ನೋಡಿದರು.

ಪಾಠದ ಭರದಲ್ಲಿ ಮರ್ವಿನ್ ಧಾರಾಳವಾಗಿ ಸುರಿದಿದ್ದರಿಂದ ನಾಲ್ಕೂ ಬಾಟಲಿಯಲ್ಲಿ ತಳಮಟ್ಟ ಉಳಿದಿತ್ತು. ಪರೀಕ್ಷೆಗೆ ಅಷ್ಟು ಸಾಕು ಎಂದರು. ನಾನು ಬಾಟಲಿಗಳನ್ನು ಅಡುಗೆಮನೆಗೆ ಒಯ್ದು, ಮೇಜು ಒರೆಸಿ, ಎಲ್ಲರಿಗೂ ಬಿಸಿಬೇಳೆಬಾತ್ ಬಡಿಸಿದೆ. ಅತ್ತೆ ಎರಡು ತುತ್ತು ತಿಂದು, ಕೈ ತೊಳೆದು ಮತ್ತೆ ಒಳಗೆ ಹೋದರು. ಬೀಗರಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಎರಡೆರಡು ಸಲ ಬಡಿಸಿಕೊಂಡು ತಿಂದರು. ನಡುನಡುವೆ ಕೊಂಕಣಿಯಲ್ಲಿ ಏನೋ ಚುಚ್ಚಿಕೊಳ್ಳುತ್ತಿದ್ದರು. ಶರಲ್ ಬಾತನ್ನು ತಟ್ಟೆಯ ಸುತ್ತ ತಳ್ಳುತ್ತ ಕೂತಿದ್ದಳು.

ಊಟ ಮುಗಿಸಿ, ಪರೀಕ್ಷೆಯ ಲೋಟ ತುಂಬಲು ಶರಲ್‌ಳನ್ನು ಕರೆದುಕೊಂಡು ಅಡುಗೆಮನೆಗೆ ಹೋದೆ. ಸಿಂಕಿನ ಪಕ್ಕದಲ್ಲಿ ಆರು ಬಾಟಲಿಗಳು ಫಳಫಳ ತೊಳೆದು, ಲೇಬಲ್ ಕಿತ್ತು, ತಲೆಕೆಳಗಾಗಿ ನಿಂತಿದ್ದವು.

"ಅತ್ತೆ, ಇದ್ರಲ್ಲಿದ್ದಿದ್ದು ಎಲ್ಲಿ?"

"ಅದಾ? ನೀನು ನಾಲ್ಕು ಬಾಟ್ಲಿಲಿ ಒಂದೊಂದು ಗುಟುಕು ಉಳಿಸಿ ಇಟ್ಟಿದ್ದೆ. ಹಾಗಾ ಇಡೋದು? ಆ ಇನ್ನೆರಡು ದೊಡ್ಡದರ ಜೊತೆ ಎಲ್ಲಾ ಒಂದೇ ಪಾತ್ರೆಗೆ ಬಗ್ಗಿಸಿದೆ. ಬಾಟ್ಲಿ ಎಣ್ಣೆ ಹಾಕಿಡೋಕೆ ಆಗತ್ತೆ ಅಂತ ತೊಳೆದಿಟ್ಟೆ."

ಇದು ಅತ್ತೆಯ ಧರ್ಮ. ರಾತ್ರಿ ಉಳಿದ ಸಾರು, ಬೆಳಿಗ್ಗೆ ಉಳಿದ ಹುಳಿ, ಯಾವುದೂ ಎರಡು ಪಾತ್ರೆಯಲ್ಲಿ ಇರಕೂಡದು. ಅವರ ಮಗನ ಮೂರು ಬಗೆಯ ಶಾಂಪೂ ಕೂಡ ಬಂದ ವಾರವೇ ಒಂದಾಗಿತ್ತು.

"ಆದ್ರೂ ಲೀಲಾ, ನಿಮಗೆ ಮೋಸ ಮಾಡಿದಾರೆ ಕಣೇ. ಮೂಸಿದ್ರೆ ಎಲ್ಲಾ ಹುಳಿ ಬಂದ್ಬಿಟ್ಟಿದೆ! ಚೆಲ್ಲೋಕೆ ಮನಸ್ಸು ಬರ್ಲಿಲ್ಲ. ಸಕ್ಕರೆ ಹಾಕಿ, ಏಲಕ್ಕಿ ಕುಟ್ಟಿ, ಮೈಸೂರಿಂದ ತಂದ ಪಚ್ಚಕರ್ಪೂರ ಒಂದು ಚಿಟಿಕೆ ಉದುರಿಸಿ, ಬಟ್ಟೇಲಿ ಸೋಸಿ ಪಾನಕ ಮಾಡಿದೀನಿ. ಮೂರು ಸಲ ರುಚಿ ನೋಡ್ದೆ. ಈಗ ಬಹಳ ಚೆನ್ನಾಗಿದೆ."

ಅತ್ತೆ ರುಚಿ ನೋಡುವುದು ಚಮಚದಲ್ಲಲ್ಲ. ಲೋಟದಲ್ಲಿ, ಎತ್ತಿ, ಗಟಗಟ. ಅವರ ಕೆನ್ನೆ ಕೆಂಪಾಗಿತ್ತು. ಸ್ಟೂಲಿನ ಮೇಲೆ ಕೂತು ನನ್ನ ಗಲ್ಲ ಹಿಡಿದು, "ಈ ಊರಿನ ಹವಾ ಎಷ್ಟು ಚೆನ್ನಾಗಿದೆ! ನೀನೂ ತುಂಬಾ ಒಳ್ಳೇ ಹುಡುಗಿ ಕಣೇ," ಎಂದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ಮಾತು ನಾನು ಮೊದಲ ಸಲ ಕೇಳಿದ್ದು.

ಶರಲ್ ಗೋಡೆಗೆ ಒರಗಿದಳು. "ಆಂಟಿ, ಇಟ್ಸ್ ಓವರ್. ದೇ ವಿಲ್ ಫೈಟ್ ಅಗೇನ್." ನಿಜ. ಹೊಸ ಬಾಟಲಿ ಬೇಕೆಂದರೆ ಕರೆನ್‌ಗೆ ಹೋಗಬೇಕು, ಹೋದ ಮರ್ವಿನ್ ತಿರುಗಿ ಬರುತ್ತಾರೆಂದು ಯಾರು ಹೇಳಬೇಕು? ಬೀಗರ ಜಗಳದಲ್ಲಿ ಈ ಕೂಸು ಬಡವಾಗುತ್ತದೆ. ನಾನು ಕೊಳಗದ ಮುಚ್ಚಳ ತೆಗೆದು ನೋಡಿದೆ. ತಿಳಿಯಾದ ಹೊಂಬಣ್ಣ, ನೋಡಲು ಯಾವ ಕೊರತೆಯೂ ಇಲ್ಲ. ನೀಲಿ ಬಕೆಟ್ ನೆನಪಾಯಿತು, ಸಿಟ್ಟೂ ನೆನಪಾಯಿತು. ಸೌಟು ತೆಗೆದುಕೊಂಡೆ.

"ಆಂಟಿ, ಆಲ್ ಫೋರ್ ದ ಸೇಮ್?"

"ನಾಲ್ಕಲ್ಲ, ಎಂಟು. ಇಬ್ಬರಿಗೂ ಬೇರೆ ಬೇರೆ ಲೋಟ," ಎಂದೆ.

ಎಂಟು ಲೋಟ ಮೇಜಿಗೆ ಬಂದವು. ಬೀಗರು ಎದುರುಬದುರು ಕೂತರು. ಪ್ರಕಾಶ ಮಾತ್ರ ನನ್ನ ಮುಖ ನೋಡಿ ಏನೋ ಎಡವಟ್ಟಾಗಿದೆಯೆಂದು ಊಹಿಸಿ ಬಕೆಟ್ಟಿನ ಪಕ್ಕಕ್ಕೆ ಸರಿದ.

ಮೊದಲ ಲೋಟಕ್ಕೆ ಮರ್ವಿನ್ ತಟ್ಟನೆ, "ಸೊವಿನ್ಯೋನ್ ಬ್ಲಾಂ. ಹುಲ್ಲು ಇದೆ. ಪುದೀನಾದ ತಂಪು ಕೂಡ ಇದೆ, ಗಮನಿಸಿ," ಎಂದರು. ಪಚ್ಚಕರ್ಪೂರ!

"ಎಂತ ಹುಲ್ಲು? ಇದು ಶೆನಿನ್. ಸಿಹಿ ಉಂಟು, ಸೇಬು ಉಂಟು. ನನಗೇನು ನಾಲಿಗೆ ಇಲ್ಲವಾ?" ಎಂದರು ರುಡಾಲ್ಫ್ ಅಂಕಲ್.

ಎರಡನೆಯ ಲೋಟ. ಮರ್ವಿನ್ ಬಾಯಿಯಲ್ಲಿ ತಿರುಗಿಸಿದರು, ಬಕೆಟ್ ಕಡೆ ಬಾಗಿದರು, ಆಮೇಲೆ ಮನಸ್ಸು ಬದಲಾಯಿಸಿ ನುಂಗಿದರು. ಕಣ್ಣು ತೇಲಿ ಬಂತು. "ಶಾರ್ಡನೇ. ಬೆಣ್ಣೆ, ವೆನಿಲ್ಲಾ, ಹಿಂದಿನಿಂದ ಮೆಲ್ಲಗೆ ಏಲಕ್ಕಿ. ಇಪ್ಪತ್ತು ವರ್ಷದಿಂದ ವೈನ್ ಕುಡಿಯುತ್ತಿದ್ದೇನೆ, ಇಂಥದ್ದು ನಾಲಿಗೆಗೆ ತಾಗಿಲ್ಲ. ಬರೆದಿಟ್ಟುಕೊಳ್ಳಿ, ಟೋಸ್ಟಿಗೆ ಇದೇ!"

ರುಡಾಲ್ಫ್ ಅಂಕಲ್ ಒಂದು ಗುಟುಕು ಕುಡಿದು, ಮುಖ ಕಿವಿಚಿ, ಬಕೆಟ್ಟಿಗೆ ತೂ ಎಂದು ಉಗಿದರು. "ಶಾರ್ಡನೇಯಾ? ರೀಸ್ಲಿಂಗ್ ಇದು! ಶುದ್ಧ ಸೀಮೆಎಣ್ಣೆ! ಲಾರಿಗೆ ಹಾಕಿದರೆ ಮೊಂಬಾಸಾ ಮುಟ್ಟುತ್ತದೆ. ಇದನ್ನು ನನ್ನ ಮಗಳ ಮದುವೆಯಲ್ಲಿ ಕೊಟ್ಟರೆ ನಾನು ಆ ಹಾಲಿಗೆ ಕಾಲಿಡುವುದಿಲ್ಲ."

"ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ!"

"ಯಾರಿಗೆ ಕತ್ತೆ ಅಂದದ್ದು?"

ಮೂರು, ನಾಲ್ಕನೆಯ ಲೋಟಕ್ಕೂ ಇದೇ ಕಥೆ. ಅವರು ರೀಸ್ಲಿಂಗ್ ಎಂದರೆ ಇವರು ಸೊವಿನ್ಯೋನ್, ಅವರು ಶೆನಿನ್ ಎಂದರೆ ಇವರು ಶಾರ್ಡನೇ. ಇಬ್ಬರಿಗೂ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಕೊನೆಗೆ ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿ, "ಹೇಳಿ, ಯಾರದ್ದು ಸರಿ?" ಎಂದರು. ಶರಲ್ ನನ್ನ ಸೀರೆಯ ಸೆರಗನ್ನು ಹಿಂದಿನಿಂದ ಹಿಡಿದುಕೊಂಡಳು.

ಅಷ್ಟರಲ್ಲಿ ಅತ್ತೆ ಅಡುಗೆಮನೆಯಿಂದ ಬಂದರು. ಸೊಂಟದ ಮೇಲೆ ಕೊಳಗ, ಕೈಯಲ್ಲಿ ಸೌಟು, ಮುಖದ ತುಂಬ ನಗು. "ಲೋಟ ಖಾಲಿ ಆಯ್ತಾ? ಇನ್ನೂ ಬೇಕಾದಷ್ಟಿದೆ, ಸಂಕೋಚ ಮಾಡ್ಕೋಬೇಡಿ," ಎನ್ನುತ್ತ ಮರ್ವಿನ್ ಅವರ ಎರಡನೆಯ ಲೋಟಕ್ಕೆ ಒಂದು ಸೌಟು, ನಾಲ್ಕನೆಯದಕ್ಕೆ ಒಂದು ಸೌಟು, ರುಡಾಲ್ಫ್ ಅಂಕಲ್‌ನ ಒಂದಕ್ಕೆ ಎರಡು ಸೌಟು ಸುರಿದರು.

ಮರ್ವಿನ್ ಕೊಳಗದೊಳಗೆ ಬಗ್ಗಿ ನೋಡಿದರು. ಆಮೇಲೆ ತಮ್ಮ ನಾಲ್ಕು ಲೋಟ ನೋಡಿದರು.

"ಎಲ್ಲಾ ಒಂದೇನಾ?"

"ಒಂದೇ," ಎಂದೆ. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. "ನಿಮ್ಮ ನಾಲ್ಕು ಬಾಟಲಿಯ ತಳ ಇದರಲ್ಲಿದೆ. ಉಳಿದದ್ದೆಲ್ಲ ರುಡಾಲ್ಫ್ ಅಂಕಲ್‌ದು. ಮುಕ್ಕಾಲಿಗಿಂತ ಹೆಚ್ಚು ಅವರ ವೈ..., ಶರಬತ್ತೇ."

ರುಡಾಲ್ಫ್ ಅಂಕಲ್ ಮೊದಲು ಎಚ್ಚೆತ್ತರು. ಮೇಜು ಗುದ್ದಿ ಗಹಗಹಿಸಿ ನಕ್ಕರು. "ಒಂದು ಕೊಳಗದಲ್ಲಿ ನಾಲ್ಕು ದ್ರಾಕ್ಷಿ ಕಂಡ ಮಹಾನುಭಾವ!"

"ನಾಲ್ಕೂ ಅದರಲ್ಲಿ ಇತ್ತಲ್ಲ!" ಎಂದರು ಮರ್ವಿನ್. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಆದರೆ ಆ ಮಾತಿನಿಂದ ಅವರಿಗೇ ಸಮಾಧಾನವಾಗಲಿಲ್ಲವೆಂದು ಕಾಣುತ್ತದೆ. ಒಂದು ಕ್ಷಣ ಯೋಚಿಸಿ ಎದ್ದು ನಿಂತರು. "ನಾನು ಎರಡನೆಯದನ್ನು ಏನಂದೆ? ಇಪ್ಪತ್ತು ವರ್ಷದಲ್ಲಿ ಕುಡಿದ ಎಲ್ಲಕ್ಕಿಂತ ಒಳ್ಳೆಯದು ಅಂದೆ. ಈಗಲೂ ಅದನ್ನೇ ಹೇಳುತ್ತೇನೆ. ನನ್ನ ನಾಲಿಗೆ ತಪ್ಪು ಹೇಳುವುದಿಲ್ಲ. ಈ ವೈನ್ ಫಸ್ಟ್ ಕ್ಲಾಸ್!"

ರುಡಾಲ್ಫ್ ಅಂಕಲ್‌ನ ನಗು ಅರ್ಧಕ್ಕೇ ನಿಂತಿತು. ತಾವು ಏನೆಂದಿದ್ದರೆಂದು ಆಗ ನೆನಪಾಯಿತು. "ಎಂತ ಫಸ್ಟ್ ಕ್ಲಾಸ್? ಸೀಮೆಎಣ್ಣೆ."

"ಅದು ನಿಮ್ಮದೇ ವೈನ್!"

"ಯಾರದ್ದಾದರೂ ಆಗಲಿ. ನಾನು ಉಗಿದದ್ದು ಉಗಿದದ್ದೇ. ಸೀಮೆಎಣ್ಣೆ!"

ಹೀಗೆ ಇಬ್ಬರೂ ಮತ್ತೆ ಜಗಳಕ್ಕೆ ಬಿದ್ದರು, ಪಾಳಯ ಬದಲಾಯಿಸಿಕೊಂಡು. ಕರೆನ್‌ನ ಮರ್ವಿನ್ ಕಾರ್ಕಳದ ಜಾಡಿಯನ್ನು ಹೊಗಳುತ್ತಿದ್ದಾರೆ, ಜಾಡಿ ಕಟ್ಟಿದವರು ಅದನ್ನು ಬೈಯುತ್ತಿದ್ದಾರೆ. ನಗಬೇಕೋ ಅಳಬೇಕೋ ತಿಳಿಯದೆ ನಾನು ಕುರ್ಚಿಯಲ್ಲಿ ಕುಸಿದೆ. "ಒಂದು ಲೋಟ ಪಾನಕಕ್ಕೆ ಯಾಕಪ್ಪಾ ಇಷ್ಟು ಜಗಳ?" ಎಂದು ಅತ್ತೆ ಪ್ರಕಾಶನನ್ನು ಕೇಳಿದರು. ಅವನು ಅವರ ಕೈಯಿಂದ ಕೊಳಗ ಇಳಿಸಿಕೊಳ್ಳಲು ನೋಡಿದ. ಅವರು ಕೊಡಲಿಲ್ಲ.

"ಸರಿ," ಎಂದರು ಮರ್ವಿನ್, ಬೆರಳೆತ್ತಿ. "ಒಂದೇ ಮಾತು ರುಡಾಲ್ಫ್. ವೈನ್ ಒಳ್ಳೆಯದು, ಕೆಟ್ಟದ್ದು ನಿಮ್ಮ ನಾಲಿಗೆ ಅಂತ ಒಪ್ಪಿಕೊಳ್ಳಿ. ನಾಳೆಯೇ ಕಾರ್ಡ್ ಅಚ್ಚಿಗೆ ಹೋಗುತ್ತದೆ. ಎಲ್ಲ ಮೇಜಿಗೂ ನಿಮ್ಮ ವೈನೇ, ಏಲಕ್ಕಿ ಸಮೇತ. ಒಪ್ಪದಿದ್ದರೆ, ಸೀಮೆಎಣ್ಣೆಯನ್ನು ನಾನು ಗೆಸ್ಟ್‌ಗಳಿಗೆ ಕೊಡುವುದಿಲ್ಲ, ಶಾರ್ಡನೇ ತರಿಸುತ್ತೇನೆ."

ಮೂವತ್ತು ವರ್ಷದಲ್ಲಿ ರುಡಾಲ್ಫ್ ಅಂಕಲ್ ಯಾರೆದುರೂ ತಮ್ಮದು ತಪ್ಪೆಂದು ಹೇಳಿದ್ದನ್ನು ಸೌತ್ ಬಿಯಲ್ಲಿ ಕೇಳಿದವರಿಲ್ಲ. ಅವರ ಅಂಗಡಿಯಲ್ಲಿ ತಪ್ಪು ಬೋಲ್ಟ್ ಕೊಟ್ಟರೂ ಲಾರಿಯೇ ತಪ್ಪು. ಶರಲ್ ಅಪ್ಪನ ಕುರ್ಚಿಯ ಹಿಂದೆ ಹೋಗಿ ನಿಂತಳು, ಅಷ್ಟೇ.

ಅವರು ಕತ್ತು ತಿರುಗಿಸಿ ಮಗಳನ್ನು ನೋಡಿದರು.

"ನನ್ನ ನಾಲಿಗೆಗೆ ಎಂತದ್ದೂ ಗೊತ್ತಾಗುವುದಿಲ್ಲ," ಎಂದರು ನಿಧಾನವಾಗಿ, ಒಂದೊಂದೇ ಶಬ್ದ ಕಿತ್ತು ಹೊರಗಿಟ್ಟ ಹಾಗೆ. "ನನ್ನ ತಾಯಿ ಕಲಿಸಿದ ವೈನನ್ನು ನಾನೇ ಸೀಮೆಎಣ್ಣೆ ಅಂದೆ. ಸಾಕಾ?"

"ಸಾಕು," ಎಂದರು ಮರ್ವಿನ್. ಅವರ ದನಿಯೂ ಇಳಿದಿತ್ತು.

ರುಡಾಲ್ಫ್ ಅಂಕಲ್ ತಮ್ಮ ಲೋಟವನ್ನು ಅತ್ತೆಯ ಕಡೆಗೆ ಚಾಚಿದರು. "ಅಮ್ಮಾ, ಇನ್ನೊಂದು ಸೌಟು ಹಾಕಿ."

ಅತ್ತೆ ತುಳುಕುವಷ್ಟು ಹಾಕಿದರು. ಈ ಸಲ ರುಡಾಲ್ಫ್ ಅಂಕಲ್ ಮೂಸಲಿಲ್ಲ, ಬಕೆಟ್ ಕಡೆ ನೋಡಲೂ ಇಲ್ಲ. ಕಣ್ಣು ಮುಚ್ಚಿ ಕೊನೆಯ ಹನಿಯವರೆಗೆ ಕುಡಿದು, ಲೋಟ ಕೆಳಗಿಟ್ಟು, "ಒಳ್ಳೆದುಂಟು," ಎಂದರು, ಮರ್ವಿನ್‌ಗೆ ಕೇಳಿಸದಷ್ಟು ಮೆತ್ತಗೆ.